ಗುರಿ ರೈಫಲ್: ನೀವೇ ಜೋಡಿಸಬೇಕಾ, ಮಾಡಿಸಿಕೊಳ್ಳಬೇಕಾ?

ನಾನು ಸೋಮವಾರಪೇಟೆ ಕಡೆಯವನು. ಮನೆಯಲ್ಲಿ ಅಜ್ಜನ ಕೋವಿ ಇತ್ತು, ಒಂಟಿ ನಳಿಗೆಯದು. ಕೊಡಗಿನ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಅದನ್ನು ಒರೆಸಿ, ಎಣ್ಣೆ ಹಚ್ಚಿ, ನಳಿಗೆಯ ಬಾಯಿಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆಗೆ ಇಡುತ್ತಿದ್ದರು. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಈಡು. ಆ ಕೋವಿಯ ನಳಿಗೆ ಬದಲಿಸಬಹುದು ಅಂತ ಯಾರೂ ಯೋಚನೆ ಮಾಡಿದ್ದಿಲ್ಲ. ಅಜ್ಜನಿಗೆ ಹೇಗೆ ಬಂದಿತ್ತೋ ಹಾಗೇ ಅಪ್ಪನಿಗೆ ಹೋಯಿತು.

ಈಗ ನಾನಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಊರಲ್ಲಿ. ಒಂದು ಮಶೀನ್ ಶಾಪಿನಲ್ಲಿ ಅಳತೆ ನೋಡುವ ಕೆಲಸ. ಶನಿವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಊರಿನ ಉತ್ತರಕ್ಕಿರುವ ಬೆನ್ ಏವರಿ ರೇಂಜಿಗೆ ಹೋಗುತ್ತೇನೆ. ಒಂದು ರೈಫಲ್ ಕಾರ್ಖಾನೆಯದು ಕೊಂಡೆ, ಎರಡನ್ನು ಗ್ಯಾರೇಜಿನಲ್ಲಿ ನಾನೇ ಜೋಡಿಸಿದೆ, ಒಂದನ್ನು ಗನ್‌ಸ್ಮಿತ್, ಅಂದರೆ ಬಂದೂಕು ಮಾಡುವ ಕುಶಲಕರ್ಮಿಯ ಹತ್ತಿರ ಮಾಡಿಸಿಕೊಂಡೆ. ಇಲ್ಲಿನ ಕನ್ನಡದ ಗೆಳೆಯರು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ: ಯಾವುದು ವಾಸಿ? ಅದಕ್ಕೆ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನು. ಇದನ್ನು ದಾಟಿ ಮುಂದೆ ಓದಬೇಡಿ. ಭಾರತದಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ತಯಾರಿಸುವುದು, ಜೋಡಿಸುವುದು ಅಪರಾಧ. ಹಾಗಾಗಿ ಊರಿನಲ್ಲಿ ಇರುವವರು ಇದನ್ನು ತಿಳಿದುಕೊಳ್ಳಲು ಓದಿ, ಮಾಡಲು ಅಲ್ಲ. ಅಮೆರಿಕದಲ್ಲಿ ಇರುವವರು ತಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿ, ವಿದ್ಯಾರ್ಥಿ ವೀಸಾದಂಥವುಗಳಲ್ಲಿ ಇರುವವರು ಬಂದೂಕಾಗಲಿ ತೋಟೆಯಾಗಲಿ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಇರುವವರಿಗೆ ಸಿಗುವಂಥ ಕೆಲವು ವಿನಾಯಿತಿಗಳಿವೆ, ಅಷ್ಟೆ. ರೇಂಜಿನಲ್ಲಿ ಬಾಡಿಗೆ ಬಂದೂಕು ಹಿಡಿಯುವುದೂ ಇದರಲ್ಲೇ ಸೇರುತ್ತದೆ. ಗೊತ್ತಿಲ್ಲದೆ ಸುಮ್ನೆ ಒಂದು ದಿನ ಹೋಗಿ ತೊಂದರೆ ತಂದುಕೊಳ್ಳಬೇಡಿ. ನಾನು ಗ್ರೀನ್ ಕಾರ್ಡ್ ಬರುವ ತನಕ ಕಾದೆ. ರಾಜ್ಯದಿಂದ ರಾಜ್ಯಕ್ಕೂ ನಿಯಮ ಬೇರೆ, ಅದನ್ನೂ ನೋಡಿ.

ಕಾನೂನಿನ ಕಣ್ಣಿನಲ್ಲಿ ರೈಫಲ್ ಅಂದರೆ ಆಕ್ಷನ್. ತೋಟೆಯನ್ನು ಒಳಗೆ ತಳ್ಳಿ ಹಿಂಬದಿ ಮುಚ್ಚುವ ಬೋಲ್ಟ್ ಓಡಾಡುವ ಆ ಉಕ್ಕಿನ ಕೊಳವೆಯ ಮೇಲೆ ಸೀರಿಯಲ್ ನಂಬರ್ ಇರುತ್ತದೆ. ಅದು ಲೈಸೆನ್ಸ್ ಇರುವ ಅಂಗಡಿಗೇ ಬರಬೇಕು. ನೀವು ಅಲ್ಲಿಗೆ ಹೋಗಿ 4473 ಅನ್ನುವ ಫಾರಂ ತುಂಬಿ, ಹಿನ್ನೆಲೆ ಪರಿಶೀಲನೆ ಮುಗಿಸಿ ತೆಗೆದುಕೊಳ್ಳಬೇಕು. ನಳಿಗೆ, ಟ್ರಿಗರ್, ಭುಜಕ್ಕೆ ಒತ್ತಿ ಹಿಡಿಯುವ ಸ್ಟಾಕ್ ಎಲ್ಲ ನಮ್ಮ ಅರಿಜೋನಾದಲ್ಲಿ ಮನೆ ಬಾಗಿಲಿಗೇ ಬರುತ್ತವೆ. ಸೀರಿಯಲ್ ನಂಬರ್ ಇರುವ ಆಕ್ಷನ್ ಬಿಟ್ಟು ಬೇರೆ ದಾರಿ ಹುಡುಕಬೇಡಿ.

ಈಗ ನಿಜವಾದ ಮಾತಿಗೆ ಬರೋಣ. ನೀವು ಈವರೆಗೆ ಗುರಿ ರೈಫಲ್ ಹೊಡೆದೇ ಇಲ್ಲ ಅಂದರೆ, ಜೋಡಿಸಬೇಡಿ, ಮಾಡಿಸಿಕೊಳ್ಳಲೂ ಬೇಡಿ. ಕಾರ್ಖಾನೆಯ ರೈಫಲ್ ಒಂದು ಕೊಳ್ಳಿ. ಫಿನ್‌ಲ್ಯಾಂಡಿನ ಟಿಕ್ಕಾ ಟಿ3ಎಕ್ಸ್, ಸ್ಪೇನಿನ ಬರ್ಗಾರಾ ಬಿ-14, ಇಂಥವು. ಇವು ಹೊಸಬರ ಕೈಗಿಂತ ಚೆನ್ನಾಗಿಯೇ ಹೊಡೆಯುತ್ತವೆ. ಅದರಲ್ಲಿ ಒಂದು ಸಾವಿರ ಈಡು ಹೊಡೆಯಿರಿ. ಆಗ ಮಾತ್ರ ನಿಮಗೆ ಏನು ಬೇಕು ಅಂತ ನಿಮ್ಮ ಭುಜ, ಕೆನ್ನೆ, ಬೆರಳು ಹೇಳುತ್ತವೆ. ಹಿಡಿ ಉದ್ದವಾಯಿತಾ, ಕೆನ್ನೆ ಇಡುವ ಜಾಗ ತಗ್ಗಾಯಿತಾ, ಟ್ರಿಗರ್ ಎಷ್ಟು ಹಗುರ ಬೇಕು, ತೂಕ ಎಲ್ಲಿ ಬೀಳಬೇಕು. ಇದು ಗೊತ್ತಿಲ್ಲದೆ ಮಾಡಿಸಿಕೊಂಡರೆ ಏನಾಗುತ್ತದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಅಳತೆಯ ಮಾತು ಒಂದಿಷ್ಟು ಬೇಕು. ಇಲ್ಲಿ ಎಲ್ಲರೂ ಎಂಒಎ (ಮಿನಿಟ್ ಆಫ್ ಆಂಗಲ್, ಕೋನದ ಒಂದು ಸಣ್ಣ ಅಳತೆ) ಅನ್ನುತ್ತಾರೆ. 100 ಗಜ ದೂರದಲ್ಲಿ ಒಂದು ಎಂಒಎ ಅಂದರೆ 1.047 ಇಂಚು, ಹೆಚ್ಚುಕಡಿಮೆ ನಮ್ಮ ಹತ್ತು ರೂಪಾಯಿ ನಾಣ್ಯದ ಅಗಲ. ಹೊಡೆದ ಗುಂಡುಗಳೆಲ್ಲ ಆ ನಾಣ್ಯದೊಳಗೆ ಬಿದ್ದರೆ ಒಳ್ಳೆಯ ರೈಫಲ್. ಅದರ ಅರ್ಧದೊಳಗೆ ಬಿದ್ದರೆ ಬಹಳ ಒಳ್ಳೆಯದು. ಆದರೆ ಎಷ್ಟು ಗುಂಡು ಅಂತ ಕೇಳಿ. ಮೂರು ಗುಂಡಿನ ಗುಂಪು ತೋರಿಸಿ ಕಾಲು ಎಂಒಎ ಅನ್ನುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಮೂರು ಗುಂಡು ಅದೃಷ್ಟದಿಂದಲೂ ಒಂದೇ ಕಡೆ ಬೀಳುತ್ತವೆ. ಹತ್ತು ಹೊಡೆಯಿರಿ, ಆಗ ರೈಫಲ್ ತನ್ನ ನಿಜ ಹೇಳುತ್ತದೆ.

ಮನೆಯಲ್ಲಿ ಜೋಡಿಸುವುದು ಈಗ ಯಾಕೆ ಸಾಧ್ಯ ಆಗಿದೆ ಅನ್ನುವುದು ನನಗೆ ಇಷ್ಟದ ವಿಷಯ, ಯಾಕೆಂದರೆ ಅದು ನನ್ನ ಕಸುಬಿನದು. ರೆಮಿಂಗ್ಟನ್ 700 ಬಂದದ್ದು 1962ರಲ್ಲಿ. ದಶಕಗಳ ಕಾಲ ಗುರಿ ರೈಫಲ್ ಮಾಡುವವರು ಅದರ ಆಕ್ಷನ್ ತೆಗೆದುಕೊಂಡು ಲೇತಿಗೆ ಕಟ್ಟುತ್ತಿದ್ದರು. ಮುಂದಿನ ಮುಖವನ್ನು ನಳಿಗೆಯ ಗೆರೆಗೆ ಸರಿಯಾಗಿ ಲಂಬ ಮಾಡುವುದು, ಬೋಲ್ಟನ್ನು ಒಳಗೆ ಕಚ್ಚಿ ಹಿಡಿಯುವ ಅದರ ಕಿವಿಗಳು ಎರಡೂ ಸಮ ಕೂರುವಂತೆ ಉಜ್ಜುವುದು, ಥ್ರೆಡ್ ನೇರ ಮಾಡುವುದು. ಕಾರ್ಖಾನೆಯಿಂದ ಬಂದದ್ದರಲ್ಲಿ ಅಷ್ಟಿಷ್ಟು ಓರೆ ಇರುತ್ತಿತ್ತು. ಪ್ರತಿ ಆಕ್ಷನ್ನೂ ಬೇರೆ ಬೇರೆ, ಅದಕ್ಕೆ ತಕ್ಕ ನಳಿಗೆಯನ್ನು ಅದರ ಮೇಲೇ ಕೂರಿಸಿ ಅಳೆದು ಕೊರೆಯಬೇಕಿತ್ತು. ಆಗ ಗನ್‌ಸ್ಮಿತ್ ಇಲ್ಲದೆ ಗತಿ ಇರಲಿಲ್ಲ.

ಈಗಿನ ಒಳ್ಳೆಯ ಆಕ್ಷನ್‌ಗಳು, ಜರ್ಮಾಟ್ ಆರಿಜಿನ್, ಇಂಪ್ಯಾಕ್ಟ್, ಡಿಫೈಯನ್ಸ್ ಇವೆಲ್ಲ, ಹೊರ ಆಕಾರದಲ್ಲಿ ಅದೇ ರೆಮಿಂಗ್ಟನ್ 700ರ ಪಡಿಯಚ್ಚು. ಅದಕ್ಕೆ ಹೊಂದುವ ಸ್ಟಾಕ್, ಟ್ರಿಗರ್ ಇವಕ್ಕೂ ಹೊಂದುತ್ತವೆ. ಆದರೆ ಒಳಗಿನ ಅಳತೆ ಒಂದರಿಂದ ಇನ್ನೊಂದಕ್ಕೆ ಎಷ್ಟು ಸಮ ಅಂದರೆ, ನಳಿಗೆ ಮಾಡುವವರು ನಿಮ್ಮ ಆಕ್ಷನ್ ಕಣ್ಣಲ್ಲಿ ನೋಡದೆ ಬರೀ ಡ್ರಾಯಿಂಗ್ ನೋಡಿ ಚೇಂಬರ್, ಅಂದರೆ ತೋಟೆ ಕೂರುವ ಗೂಡು, ಕೊರೆದು ಕಳಿಸುತ್ತಾರೆ. ಇದನ್ನು ಪ್ರೀಫಿಟ್ ಅನ್ನುತ್ತಾರೆ. ತಿರುಪಿ ಬಿಗಿದರೆ ಮುಗಿಯಿತು. ಈ ಒಂದು ಬದಲಾವಣೆ ಗ್ಯಾರೇಜಿಗೂ ವರ್ಕ್‌ಶಾಪಿಗೂ ಇದ್ದ ಅಂತರವನ್ನು ಕಡಿಮೆ ಮಾಡಿದೆ. ಇನ್ನೊಂದು ದಾರಿ ನಟ್ ಬಳಸುವುದು. ಸ್ಯಾವೇಜ್ 1958ರಲ್ಲಿ ತನ್ನ 110 ಮಾದರಿಯಲ್ಲಿ ತಂದದ್ದು. ನಳಿಗೆಯನ್ನು ಬೇಕಾದಷ್ಟು ಒಳಗೆ ತಿರುಗಿಸಿ ನಟ್‌ನಿಂದ ಭದ್ರ ಮಾಡುವುದು. ರೆಮಿಂಗ್ಟನ್ ಆಕ್ಷನ್ನಿಗೂ ಈಗ ಅಂಥ ನಳಿಗೆಗಳು ಸಿಗುತ್ತವೆ.

ಹಾಗಾದರೆ ನಾನು ಯಾವ ಗೆರೆ ಹಾಕಿಕೊಂಡಿದ್ದೇನೆ? ಕೊರೆಯುವ ಕೆಲಸ ಲೇತ್ ಇರುವವರಿಗೆ. ಬಿಗಿಯುವ, ಅಳೆಯುವ ಕೆಲಸ ನನಗೆ. ನನ್ನ ಕಸುಬು ಅಳತೆಯದೇ ಆದರೂ ಚೇಂಬರ್ ಕೊರೆಯಲು ನಾನು ಕೈ ಹಾಕುವುದಿಲ್ಲ. ಅದು ವರ್ಷಗಟ್ಟಲೆ ಪಳಗಿದ ಕೈಯ ಕೆಲಸ.

2019ರಲ್ಲಿ ನನ್ನ ಮೊದಲ ಜೋಡಣೆ. ಹಳೆಯ ರೆಮಿಂಗ್ಟನ್ 700 ಆಕ್ಷನ್, ನಟ್ ಇರುವ .308 (ಇದು ತೋಟೆಯ ಅಳತೆಯ ಹೆಸರು) ನಳಿಗೆ. ಇದರ ಜೀವಾಳ ಹೆಡ್‌ಸ್ಪೇಸ್. ಬೋಲ್ಟಿನ ಮುಖದಿಂದ ಚೇಂಬರಿನಲ್ಲಿ ತೋಟೆಯ ಭುಜ ಕೂರುವ ಜಾಗದವರೆಗಿನ ದೂರ ಅದು. ಕಡಿಮೆಯಾದರೆ ಬೋಲ್ಟ್ ಮುಚ್ಚುವುದಿಲ್ಲ. ಜಾಸ್ತಿಯಾದರೆ ತೋಟೆಯ ಹಿತ್ತಾಳೆ ಹಿಗ್ಗಿ ಹರಿದು, ಸುಡುವ ಅನಿಲ ನಿಮ್ಮ ಮುಖದ ಕಡೆ ಬರಬಹುದು. ಇದನ್ನು ನೋಡಲು ಉಕ್ಕಿನ ಎರಡು ಅಳತೆ ತುಂಡುಗಳಿವೆ: .308ಕ್ಕೆ, ಇಟ್ಟಾಗ ಬೋಲ್ಟ್ ಮುಚ್ಚಲೇಬೇಕಾದ ಗೋ ಗೇಜ್ 1.630 ಇಂಚು, ಮುಚ್ಚಬಾರದ ನೋ-ಗೋ ಗೇಜ್ 1.634 ಇಂಚು. ನಡುವಿನ ವ್ಯತ್ಯಾಸ ಒಂದು ದಪ್ಪ ತಲೆಗೂದಲಿನಷ್ಟು. ರೆಮಿಂಗ್ಟನ್ ಥ್ರೆಡ್ ಇಂಚಿಗೆ 16 ಸುತ್ತು. ಅಂದರೆ ನಳಿಗೆ ಒಂದು ಸುತ್ತಿನ ಹದಿನಾರನೇ ಒಂದು ಭಾಗ ತಿರುಗಿದರೆ ಸಾಕು, ಆ ಕೂದಲಿನಷ್ಟು ಅಂತರ ಮುಗಿದುಹೋಗುತ್ತದೆ.

ನಾನು ಬೋಲ್ಟಿನಿಂದ ತೋಟೆಗೆ ಹೊಡೆಯುವ ಫೈರಿಂಗ್ ಪಿನ್, ಖಾಲಿ ತೋಟೆ ಹೊರಗೆ ತಳ್ಳುವ ಎಜೆಕ್ಟರ್ ಎಲ್ಲ ಬಿಚ್ಚಿ ತೆಗೆದೆ. ಸ್ಪ್ರಿಂಗಿನ ಒತ್ತಡ ಇದ್ದರೆ ಕೈಗೆ ಸರಿಯಾಗಿ ತಿಳಿಯುವುದಿಲ್ಲ. ಗೋ ಗೇಜ್ ಇಟ್ಟು, ಬೋಲ್ಟ್ ಮುಚ್ಚಿ, ನಳಿಗೆಯನ್ನು ಗೇಜಿಗೆ ತಾಗುವ ತನಕ ಕೈಯಲ್ಲೇ ತಿರುಗಿಸಿದೆ. ಎಲ್ಲ ಸರಿ ಇತ್ತು. ಆಮೇಲೆ ಗೇಜ್ ತೆಗೆದು ನಟ್ ಬಿಗಿದೆ. ಮತ್ತೆ ಗೇಜ್ ಇಟ್ಟು ನೋಡಿದರೆ ಬೋಲ್ಟ್ ಅರ್ಧಕ್ಕೇ ನಿಂತಿತು. ನಟ್ ತಿರುಗುವಾಗ ನಳಿಗೆಯನ್ನೂ ತನ್ನ ಜೊತೆ ಎಳೆದುಕೊಂಡು ಹೋಗಿತ್ತು. ಬಿಚ್ಚಿದೆ. ಈ ಸಲ ಗೇಜ್ ಒಳಗೇ ಬಿಟ್ಟು, ನಳಿಗೆಯಿಂದ ಆಕ್ಷನ್ನಿನವರೆಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದೆ. ಬಿಗಿದ ಮೇಲೂ ಗೆರೆ ಕೂಡಿಯೇ ಇತ್ತು, ಆದರೂ ಬೋಲ್ಟ್ ಬಿಗಿ. ಟಾರ್ಚ್ ಹಾಕಿ ಚೇಂಬರ್ ನೋಡಿದೆ. ಭುಜದ ಜಾಗದಲ್ಲಿ ಉಕ್ಕಿನ ಒಂದು ಸಣ್ಣ ಸಿಪ್ಪೆ, ಗ್ರೀಸಿಗೆ ಅಂಟಿಕೊಂಡು ಮಿನುಗುತ್ತಿತ್ತು. ಗೇಜ್ ಕೂತಿದ್ದೇ ಅದರ ಮೇಲೆ. ಒರೆಸಿ, ಮೂರನೇ ಸಲ ಮೊದಲಿಂದ ಮಾಡಿದೆ. ಈಗ ಬೋಲ್ಟಿನ ಹಿಡಿ ಗೋ ಗೇಜಿನ ಮೇಲೆ ತನ್ನ ಭಾರಕ್ಕೇ ಮೆತ್ತಗೆ ಕೆಳಗಿಳಿಯಿತು. ನೋ-ಗೋ ಇಟ್ಟಾಗ ಮೇಲೇ ನಿಂತಿತು. ಆ ಎರಡು ಸ್ಪರ್ಶ ಕೈಗೆ ಗೊತ್ತಾಗಬೇಕು. ಬಲ ಹಾಕಿ ಮುಚ್ಚಿ ನೋಡಬಾರದು.

ಇಷ್ಟಾದ ಮೇಲೂ ನಾನು ಅದನ್ನು ಒಬ್ಬ ಗನ್‌ಸ್ಮಿತ್ ಹತ್ತಿರ ಒಯ್ದು ಪರೀಕ್ಷೆ ಮಾಡಿಸಿದೆ. 40 ಡಾಲರ್ ತೆಗೆದುಕೊಂಡರು. ಮೊದಲ ಜೋಡಣೆಗೆ ಇದನ್ನು ತಪ್ಪಿಸಬೇಡಿ.

ಪ್ರೀಫಿಟ್‌ನಲ್ಲಿ ಈ ಒದ್ದಾಟ ಇಲ್ಲ. 2022ರಲ್ಲಿ ಆರಿಜಿನ್ ಆಕ್ಷನ್ನಿಗೆ 6.5 ಕ್ರೀಡ್‌ಮೋರ್ ಅನ್ನುವ ತೋಟೆಯ ಪ್ರೀಫಿಟ್ ಹಾಕಿದೆ. ಥ್ರೆಡ್ಡು ಕಚ್ಚಿಕೊಳ್ಳದ ಹಾಗೆ ಸ್ವಲ್ಪ ಆಂಟಿ-ಸೀಜ್ ಹಚ್ಚಿ, ನಳಿಗೆಯನ್ನು ವೈಸಿಗೆ ಕಟ್ಟಿ, ತಯಾರಕರು ಹೇಳಿದ ಟಾರ್ಕಿಗೆ, ಅಂದರೆ ತಿರುಗಿಸುವ ಬಲಕ್ಕೆ, ಬಿಗಿದು, ಎರಡೂ ಗೇಜ್ ಹಾಕಿ ನೋಡಿದೆ. ಕಾಫಿ ಆರುವಷ್ಟರಲ್ಲಿ ಮುಗಿದಿತ್ತು. ಗೇಜ್ ಮಾತ್ರ ಬಿಡಬೇಡಿ. ಅಳತೆ ಸರಿ ಅಂತ ಪೆಟ್ಟಿಗೆಯ ಮೇಲೆ ಬರೆದಿದ್ದರೂ ಅಳೆಯುವುದು ನಮ್ಮ ಕೆಲಸ.

ಹಳೆಯ .308ರಲ್ಲಿ ಇನ್ನೊಂದು ತಪ್ಪು ಆಯಿತು. ಬೇರೆ ಸ್ಟಾಕಿಗೆ ಬದಲಿಸಿದಾಗ ಮುಂದಿನ ಆಕ್ಷನ್ ಸ್ಕ್ರೂ ಒಂದು ಎಳೆ ಉದ್ದವಾಗಿತ್ತು. 65 ಇಂಚ್-ಪೌಂಡಿಗೆ ಬಿಗಿದೆ, ಟಾರ್ಕ್ ವ್ರೆಂಚ್ ಕ್ಲಿಕ್ ಅಂದಿತು, ನಾನು ನಂಬಿದೆ. ಆದರೆ ಬೋಲ್ಟ್ ಮುಚ್ಚುವಾಗ ಏನೋ ಒರಟು. ಸ್ಕ್ರೂವಿನ ತುದಿ ಬೋಲ್ಟಿನ ಕಿವಿಗೆ ತಾಗುತ್ತಿತ್ತು. ಸ್ಕ್ರೂ ಬಿಗಿಯಾಗಿದೆ ಅಂತ ವ್ರೆಂಚ್ ಹೇಳಿತ್ತು, ಆದರೆ ಸ್ಟಾಕ್ ಸಡಿಲವೇ ಇತ್ತು. ಹೊಸ ಸ್ಟಾಕಿಗೆ ಕೂರಿಸಿದಾಗ ಸ್ಕ್ರೂ ಬಿಗಿಯುವ ಮುಂಚೆ ಒಮ್ಮೆ, ಬಿಗಿದ ಮೇಲೆ ಒಮ್ಮೆ ಬೋಲ್ಟ್ ಆಡಿಸಿ. ಎರಡೂ ಸಲ ಒಂದೇ ತರಹ ಓಡಬೇಕು.

ಟ್ರಿಗರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆನಡಾದ ಟ್ರಿಗರ್‌ಟೆಕ್, ಇಲ್ಲೇ ಫೀನಿಕ್ಸಿನ ಟಿಮ್ನಿ, ಎರಡೂ ಚೆನ್ನಾಗಿವೆ. ಹಾಕಿದ ಮೇಲೆ ತೋಟೆ ಇಲ್ಲದೆ ಸೇಫ್ಟಿ ಪರೀಕ್ಷೆ ಮಾಡಿ, ಬೋಲ್ಟನ್ನು ಜೋರಾಗಿ ಮುಚ್ಚಿ ಫೈರಿಂಗ್ ಪಿನ್ ತಾನಾಗಿ ಬೀಳುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬಿದ್ದರೆ ಅದನ್ನು ರೇಂಜಿಗೆ ಒಯ್ಯಲೇಬೇಡಿ.

ಇನ್ನು ಮಾಡಿಸಿಕೊಂಡ ರೈಫಲ್. 2020ರಲ್ಲಿ ಒಂದು ಸಣ್ಣ ವರ್ಕ್‌ಶಾಪಿಗೆ ಆರ್ಡರ್ ಕೊಟ್ಟೆ. ಆರು ತಿಂಗಳು ಅಂದಿದ್ದರು. 14 ತಿಂಗಳು ಆಯಿತು. ಮುಂಗಡ ಕೊಟ್ಟಾಗಿತ್ತು, ಫೋನ್ ಮಾಡಿದರೆ ಮುಂದಿನ ತಿಂಗಳು ಅನ್ನುತ್ತಿದ್ದರು. ಕೊರೊನಾ ಕಾಲ, ನಳಿಗೆ, ಆಕ್ಷನ್ ಯಾವುದೂ ಸಮಯಕ್ಕೆ ಸಿಗುತ್ತಿರಲಿಲ್ಲ, ಅದು ನಿಜ. ಆದರೆ ಯಾವ ಭಾಗ ಬಂದಿದೆ, ಯಾವುದು ಬಂದಿಲ್ಲ ಅಂತ ಒಂದು ಸಾಲು ಬರೆದು ತಿಳಿಸಿದ್ದರೆ ನನಗೆ ಅಷ್ಟು ಬೇಸರ ಆಗುತ್ತಿರಲಿಲ್ಲ. ನೀವು ಆರ್ಡರ್ ಕೊಡುವಾಗ ಭಾಗಗಳು ಅವರ ಕಪಾಟಿನಲ್ಲಿ ಈಗಲೇ ಇವೆಯಾ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಬಂದ ರೈಫಲ್ ಮಾತ್ರ ಬಹಳ ಚೆನ್ನಾಗಿತ್ತು. ಬೋಲ್ಟ್ ಹಿಂದಕ್ಕೆ ಎಳೆದರೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ. ನಳಿಗೆಯ ಬಾಯಿಯ ಅಂಚು ಭೂತಗನ್ನಡಿಯಲ್ಲಿ ನೋಡಿದರೂ ಒಂದು ಗೀರಿಲ್ಲ. ಹತ್ತು ಗುಂಡು ಅರ್ಧ ಎಂಒಎ ಒಳಗೆ. ನನ್ನ ಆರಿಜಿನ್ ಒಳ್ಳೆಯ ದಿನ ಅದಕ್ಕೆ ಹತ್ತಿರ ಬರುತ್ತದೆ. ದಿನವೂ ಬರುವುದಿಲ್ಲ. ಪ್ರೀಫಿಟ್ಟೂ ಕಸ್ಟಮ್ಮೂ ಒಂದೇ ಅನ್ನುವವರ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ. ನಳಿಗೆಯ ಒಳ ರಂಧ್ರವನ್ನು ಲೇತಿನಲ್ಲಿ ಇಂಡಿಕೇಟರ್ ಇಟ್ಟು ಇಂಚಿನ ಹತ್ತು ಸಾವಿರದ ಒಂದೆರಡು ಭಾಗದಷ್ಟು ನೇರಕ್ಕೆ ತಂದು ಕೊರೆದ ಕೈಯ ಕೆಲಸ ಗುರಿಹಲಗೆಯ ಮೇಲೆ ಕಾಣುತ್ತದೆ.

ಆದರೆ ತಪ್ಪು ಆದದ್ದು ನನ್ನ ಉತ್ತರಗಳಲ್ಲಿ. ಅವರು ಕೇಳಿದ ಪ್ರಶ್ನೆಗಳು ಸರಿಯಾಗಿದ್ದವು. ಯಾವ ಗುಂಡು, ಎಷ್ಟು ತೂಕ, ಮಲಗಿ ಹೊಡೆಯುತ್ತೀರಾ, ನಿಂತು ಬ್ಯಾರಿಕೇಡಿನ ಮೇಲೆ ಇಟ್ಟು ಹೊಡೆಯುತ್ತೀರಾ, ತೂಕ ಎಲ್ಲಿ ನಿಲ್ಲಬೇಕು. ನಾನು ಆಗ ಹೊಡೆದಿದ್ದೆಲ್ಲ ಬೆಂಚಿನ ಮೇಲೆ. 26 ಇಂಚಿನ ದಪ್ಪ ನಳಿಗೆ ಹೇಳಿದೆ. ಆಮೇಲೆ ನನಗೆ ಮನಸ್ಸು ಬಂದದ್ದು ಪಿಆರ್‌ಎಸ್ (ಪ್ರಿಸಿಷನ್ ರೈಫಲ್ ಸೀರೀಸ್) ತರಹದ ಪಂದ್ಯಕ್ಕೆ. ಅಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಓಡಿ, ಟಯರಿನ ಮೇಲೆ, ಏಣಿಯ ಮೇಲೆ ಇಟ್ಟು ಹೊಡೆಯಬೇಕು. ಮೂತಿ ಭಾರದ ಆ ರೈಫಲ್ ಅಲ್ಲಿ ಮುಂದಕ್ಕೆ ವಾಲುತ್ತದೆ. ಇವತ್ತಿಗೂ ಅದು ಬೆಂಚಿಗೆ ಮಾತ್ರ. ಮೊದಲು ಕಾರ್ಖಾನೆಯದರಲ್ಲಿ ಸಾವಿರ ಈಡು ಹೊಡೆಯಿರಿ ಅಂದದ್ದು ಈ ಕಾರಣಕ್ಕೆ.

ಕೆಲವರು ನೇರವಾಗಿ ಮಾಡಿಸಿಕೊಳ್ಳುವುದೇ ಸರಿ. ಮೇಜಿನ ಮೇಲೆ ಇಟ್ಟು ಹೊಡೆಯುವ ಬೆಂಚ್‌ರೆಸ್ಟ್, ಮಲಗಿ ದೂರಕ್ಕೆ ಹೊಡೆಯುವ ಎಫ್-ಕ್ಲಾಸಿನಂಥ ಪಂದ್ಯಗಳಲ್ಲಿ ಗಂಭೀರವಾಗಿ ಹೊಡೆಯುವವರು, ತಮ್ಮದೇ ಅಳತೆಯ ಚೇಂಬರ್ ಬೇಕಾದವರು, ದೇಹದ ಅಳತೆಗೆ ಸಿದ್ಧ ಸ್ಟಾಕ್ ಹೊಂದದವರು. ಗ್ಯಾರೇಜಿನಲ್ಲಿ ಮೂರನೇ ಸಲ ನಟ್ ಬಿಚ್ಚುವ ತಾಳ್ಮೆ ಇಲ್ಲದವರೂ ಅಷ್ಟೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ದುಡ್ಡಿನ ಲೆಕ್ಕ, ನಾನು ಕೊಟ್ಟದ್ದು. 2022ರ ಜೋಡಣೆಗೆ ಆಕ್ಷನ್, ನಳಿಗೆ, ಟ್ರಿಗರ್, ಚಾಸಿ (ಲೋಹದ ಸ್ಟಾಕ್) ಎಲ್ಲ ಸೇರಿ 2,150 ಡಾಲರ್. ವೈಸ್, ಆಕ್ಷನ್ ವ್ರೆಂಚ್, ಟಾರ್ಕ್ ವ್ರೆಂಚ್, ಗೇಜ್‌ಗಳಿಗೆ ಬೇರೆ 380. ಮಾಡಿಸಿಕೊಂಡದ್ದಕ್ಕೆ 4,900. ದುರ್ಬೀನು ಎರಡರಲ್ಲೂ ಸೇರಿಲ್ಲ, ಅದಕ್ಕೆ ರೈಫಲ್ಲಿನಷ್ಟೇ ಎತ್ತಿಡಿ. ಉಪಕರಣ ಒಮ್ಮೆ ಕೊಂಡರೆ ಮುಗಿಯಿತು. ಹೊಸ ಬಂದೂಕಿನ ಬೆಲೆಯಲ್ಲಿ ಇಲ್ಲಿ ಒಂದು ತೆರಿಗೆಯೂ ಸೇರಿರುತ್ತದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯದು, ರೈಫಲ್ಲಿಗೂ ತೋಟೆಗೂ 11 ಶೇಕಡಾ. ಆ ದುಡ್ಡು ಕಾಡುಪ್ರಾಣಿಗಳ ರಕ್ಷಣೆಗೆ, ಶೂಟಿಂಗ್ ರೇಂಜುಗಳಿಗೆ ಹೋಗುತ್ತದೆ. ನಾನು ಅದನ್ನು ಸಂತೋಷದಿಂದಲೇ ಕೊಡುತ್ತೇನೆ.

ಇಷ್ಟಕ್ಕೂ ನಾನು ಜೋಡಿಸುವುದನ್ನು ಕಲಿಯಿರಿ ಅನ್ನುವುದಕ್ಕೆ ದೊಡ್ಡ ಕಾರಣ ಬೇರೆ ಇದೆ. ನಳಿಗೆ ಸವೆಯುತ್ತದೆ. ಅಜ್ಜನ ಚರೆ ಕೋವಿಯ ಹಾಗೆ ಮೂರು ತಲೆಮಾರು ಬರುವುದಿಲ್ಲ. ಪ್ರತಿ ಈಡಿಗೂ ಚೇಂಬರಿನ ಮುಂದಿನ ಒಂದೆರಡು ಇಂಚನ್ನು ಬಿಸಿ ಅನಿಲ ಸುಡುತ್ತದೆ. ನಳಿಗೆಯ ಒಳಗೆ ಇಣುಕುವ ಬೋರ್‌ಸ್ಕೋಪ್ ಹಾಕಿ ನೋಡಿದರೆ ಬೇಸಿಗೆಯಲ್ಲಿ ಒಣಗಿದ ಕೆರೆಯ ತಳ ನೆನಪಾಗುತ್ತದೆ, ಅದೇ ತರಹದ ಬಿರುಕು. .308 ನಳಿಗೆ 5,000 ಈಡು ದಾಟಬಹುದು. 6.5 ಕ್ರೀಡ್‌ಮೋರ್ 2,000ದಿಂದ 3,000. 6 ಮಿ.ಮೀ. ಕ್ರೀಡ್‌ಮೋರ್ ಅದಕ್ಕಿಂತಲೂ ಕಡಿಮೆ. ಪ್ರತಿ ವಾರ ಹೊಡೆಯುವವರಿಗೆ ಕೆಲವು ವರ್ಷಗಳಿಗೊಮ್ಮೆ ಹೊಸ ನಳಿಗೆ ಬೇಕೇ ಬೇಕು, ಯಾರು ಮಾಡಿದ ರೈಫಲ್ ಆದರೂ. ಮಾಡಿಸಿಕೊಂಡದ್ದರ ನಳಿಗೆ ಸವೆದಾಗ ಅದು ಮತ್ತೆ ಪೋಸ್ಟಿನಲ್ಲಿ ಹೋಗಬೇಕು, ಮತ್ತೆ ಕಾಯಬೇಕು. ಮುಂದೆ ಮಾಡಿಸಿಕೊಳ್ಳುವವರು ಪ್ರೀಫಿಟ್ ಹಿಡಿಯುವ ಆಕ್ಷನ್ ಮೇಲೇ ಮಾಡಿಸಿಕೊಳ್ಳಿ ಅಂತ ನಾನು ಒತ್ತಿ ಹೇಳುತ್ತೇನೆ. ಮೊದಲ ನಳಿಗೆ ಅವರು ಕೊರೆಯಲಿ, ಎರಡನೆಯದು ನೀವು ಹಾಕಿಕೊಳ್ಳಬಹುದು.

ಅದಕ್ಕೆ ಒಂದು ನೋಟ್‌ಬುಕ್ ಇಡಿ. ಹೊಡೆದ ಪ್ರತಿ ಈಡಿನ ಎಣಿಕೆ, ಆ ದಿನದ ವೇಗ, ಗುಂಪಿನ ಅಳತೆ ಬರೆಯಿರಿ. ನನ್ನ ಆರಿಜಿನ್ ಈಗ 2,260ರಲ್ಲಿದೆ. ಕಳೆದ ಮೂರು ಶನಿವಾರಗಳಿಂದ ಅದೇ ತೋಟೆಗೆ ವೇಗ ಸೆಕೆಂಡಿಗೆ 30 ಅಡಿ ಕಡಿಮೆ ಬರುತ್ತಿದೆ. ಹತ್ತು ಗುಂಡಿನ ಗುಂಪು ನಾಣ್ಯದ ಅಂಚು ಮುಟ್ಟಿದೆ. ಹೊಸ ಪ್ರೀಫಿಟ್ ಮಂಗಳವಾರ ಬಂತು, ಪೆಟ್ಟಿಗೆಯಲ್ಲೇ ಇದೆ. ಈ ಸಲ ಬಿಗಿಯುವ ಮುಂಚೆ ಟಾರ್ಚ್ ಹಾಕಿ ಚೇಂಬರ್ ನೋಡಿ, ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಗೇಜ್ ಕೈಗೆ ತೆಗೆದುಕೊಳ್ಳುತ್ತೇನೆ.